ನಾಯಕನೋ ಖಳನಾಯಕನೋ? ನಮ್ಮ ಮೂರು ಜಿಲ್ಲೆಗಳ ಚರಿತ್ರೆ ಹೇಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಸೆಪ್ಟೆಂಬರ್ 17ಕ್ಕೆ (1948ರಲ್ಲಿ ಹೈದರಾಬಾದಿನ ನಿಜಾಮ ಭಾರತಕ್ಕೆ ಸೋಲೊಪ್ಪಿದ ದಿನ) ಭಾಷಣ ಬರೆದುಕೊಡುವ ಮಾಸ್ತರರು, ಕೋಟೆ ತೋರಿಸುವ ಗೈಡುಗಳು, ತಮ್ಮ ಊರಿನ ಚರಿತ್ರೆ ಬರೆಯಲು ಕೂತವರು ಸಾಮಾನ್ಯವಾಗಿ ಸಿಕ್ಕಿಬೀಳುವುದು ಒಂದೇ ಕಡೆ: ಒಬ್ಬರ ಶೂರ ಇನ್ನೊಬ್ಬರ ದ್ರೋಹಿ. ಅವರಿಗಾಗಿ ಈ ಉತ್ತರಗಳು.

ಒಬ್ಬನೇ ಮನುಷ್ಯ ಇಲ್ಲಿ ವಲಿ (ಸಂತ), ಅಲ್ಲಿ ಕಟುಕ. ಎರಡರಾಗ ಖರೆ ಯಾವುದು?

ಎರಡೂ ಖರೆ ಇರಬಹುದು. ಬೀದರಿನ ಪಕ್ಕದ ಅಷ್ಟೂರಿಗೆ ಹೋಗಿ ನೋಡಿ. ಅಲ್ಲಿರುವುದು ಕಲಬುರಗಿಯಿಂದ ಬೀದರಿಗೆ ರಾಜಧಾನಿ ತಂದ ಅಹಮದ್ ಶಾ ಬಹಮನಿಯ ಗುಮ್ಮಟ. ಅವನ ಉರುಸು ನಡೆಯುವುದು ಹಿಜರಿ ತಿಂಗಳ ಲೆಕ್ಕದಲ್ಲಿ ಅಲ್ಲ. ಹೋಳಿ ಮುಗಿದ ಮೇಲೆ, ನಮ್ಮ ಪಂಚಾಂಗ ನೋಡಿ. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಬರುವ ಜಂಗಮರು ಅದನ್ನು ನಡೆಸಿಕೊಡುತ್ತಾರೆ. ಸುಲ್ತಾನ ಒಬ್ಬರಿಗೆ ವಲಿ, ಇನ್ನೊಬ್ಬರಿಗೆ ಅಲ್ಲಮಪ್ರಭು.

ಇನ್ನು ಪರ್ಷಿಯನ್ ಇತಿಹಾಸಕಾರ ಫರಿಸ್ತಾ ಏನು ಬರೆದಿದ್ದಾನೆ ನೋಡಿ. ಇದೇ ಅಹಮದ್ ಶಾ ವಿಜಯನಗರದ ಸೀಮೆಗೆ ನುಗ್ಗಿದಾಗ, ಕೊಂದವರ ಸಂಖ್ಯೆ ಇಪ್ಪತ್ತು ಸಾವಿರ ಮುಟ್ಟಿದಾಗಲೆಲ್ಲ ಮೂರು ದಿನ ತಂಗಿ ಹಬ್ಬ ಮಾಡುತ್ತಿದ್ದನಂತೆ. ಒಬ್ಬ ದೊರೆ ತನ್ನ ಪಟ್ಟಣದಲ್ಲಿ ಮಾಡಿದ್ದು ಒಂದು, ಗಡಿ ದಾಟಿ ಮಾಡಿದ್ದು ಇನ್ನೊಂದು. ಅಷ್ಟೂರಿನ ಭಕ್ತಿ ಸುಳ್ಳಲ್ಲ, ಗಡಿಯಾಚೆ ಸತ್ತವರೂ ಸುಳ್ಳಲ್ಲ. ಆದರೆ ಫರಿಸ್ತಾ ಬರೆದದ್ದು ಹೆಚ್ಚುಕಡಿಮೆ 180 ವರ್ಷ ಕಳೆದ ಮೇಲೆ, ಬಿಜಾಪುರದ ಆಸ್ಥಾನದಲ್ಲಿ ಕೂತು. ಅವನು ಇದನ್ನು ಬರೆದದ್ದು ದೂರಾಗಿ ಅಲ್ಲ, ಪರಾಕ್ರಮವಾಗಿ. ಹೊಗಳಲು ಬರೆದ ಸಂಖ್ಯೆಯನ್ನು ನಾವು ಆರೋಪಪಟ್ಟಿ ಎಂದು ಓದುತ್ತಿದ್ದೇವೆ. ದಾಳಿ ನಡೆದದ್ದನ್ನು ಒಪ್ಪಿ, ಸುತ್ತಿನ ಸಂಖ್ಯೆಯನ್ನು ಮಾತ್ರ ‘ಫರಿಸ್ತಾ ಹೇಳುವಂತೆ’ ಎಂದು ಅವನ ತಲೆಗೇ ಕಟ್ಟಿ.

ಬರೆಯಲು ಕೂರುವ ಮೊದಲು ಏನು ಮಾಡಬೇಕು?

ಉದ್ದ ಬರೆಯುವ ನೋಟ್‌ಬುಕ್ಕನ್ನು ಅಡ್ಡ ಹಿಡಿದು ನಾಲ್ಕು ಕಂಬ ಎಳೆಯಿರಿ. ಒಂದು, ಏನು ಮಾಡಿದ; ಎರಡು, ಎಲ್ಲಿ; ಮೂರು, ಯಾವ ವರ್ಷ; ನಾಲ್ಕು, ಹೇಳಿದವರು ಯಾರು, ಎಷ್ಟು ವರ್ಷದ ಮೇಲೆ ಹೇಳಿದರು. ಒಂದು ಸಾಲಿಗೆ ಒಂದೇ ಕೆಲಸ. ‘ಒಳ್ಳೆಯವ’, ‘ಕ್ರೂರಿ’ ಎಂಬ ಮಾತಿಗೆ ಕಂಬವೇ ಇಲ್ಲ, ಬೇಕೆಂದೇ ಬಿಟ್ಟಿದ್ದು. ತೀರ್ಪು ಕೊಡಲೇಬೇಕೆಂದರೆ ಸಾಲಿಗೊಂದು ಕೊಡಿ, ಮನುಷ್ಯನಿಗೆ ಬೇಡ.

ಮಹಮೂದ್ ಗವಾನನ ಹಾಳೆ ತುಂಬಿಸಿದರೆ ಇದರ ಉಪಯೋಗ ತಿಳಿಯುತ್ತದೆ. ಇರಾನಿನ ಗಿಲಾನದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ವಜೀರನಾದವ. ಬೀದರಿನ ಮದರಸಾ, 1472. ಸುಮಾರು 205 ಅಡಿ ಉದ್ದ, 180 ಅಡಿ ಅಗಲ, ಪುಸ್ತಕಭಂಡಾರದಲ್ಲಿ 3000 ಗ್ರಂಥಗಳಿದ್ದವೆಂಬ ಮಾತು. ಮುಂದಿನ ಸಾಲು: ಗೋವೆಯ ಮೇಲೆ ದಂಡಯಾತ್ರೆ, ಅದೂ 1472. ಅದರ ಬೆನ್ನಿಗೇ ಬೆಳಗಾವಿ ಕೋಟೆಯ ಮುತ್ತಿಗೆ. ಬೀದರಿನವರ ‘ವಿದ್ಯಾದಾನಿ’ ಮತ್ತು ಆಚೆ ಸೀಮೆಯವರ ‘ದಾಳಿಕೋರ’ ಇಬ್ಬರೂ ಒಂದೇ ಹಾಳೆಯಲ್ಲಿ, ಮೇಲೊಂದು ಕೆಳಗೊಂದು ಸಾಲಿನಲ್ಲಿ ನಿಲ್ಲುತ್ತಾರೆ.

ಮೂರನೇ ಸಾಲು ಆಡಳಿತದ್ದು: ನಾಲ್ಕು ತರಫುಗಳನ್ನು (ಪ್ರಾಂತ್ಯಗಳನ್ನು) ಎಂಟು ಮಾಡಿದ, ಒಬ್ಬ ತರಫದಾರನ ಕೈಯಲ್ಲಿ ಒಂದೇ ಕೋಟೆ ಉಳಿಸಿದ, ಹೊಲ ಅಳೆಸಿದ. ರೈತನಿಗೆ ಇದು ಒಳ್ಳೆಯದಾಯಿತೋ ಇಲ್ಲವೋ, ತರಫದಾರರಿಗಂತೂ ಮೈಯೆಲ್ಲ ಉರಿ. ಅವನ ಕಾಲದಲ್ಲೇ ಬೀದರಿಗೆ ಬಂದಿದ್ದ ರಷ್ಯಾದ ವ್ಯಾಪಾರಿ ನಿಕಿತಿನ್, ಹಳ್ಳಿಯ ಜನ ತೀರಾ ಬಡವರು, ಅಮೀರರು ಅತಿ ಸಿರಿವಂತರು ಎಂದು ಬರೆದಿಟ್ಟ. ಹೊಗಳುಭಟರ ಪುಸ್ತಕಗಳ ಪಕ್ಕದಲ್ಲಿ ಈ ಒಂದು ಸಾಲು ಇರಲೇಬೇಕು.

ಕೊನೆಯದು 1481ರ ಏಪ್ರಿಲ್. ವಿರೋಧಿಗಳು ಅವನ ಮುದ್ರೆ ಕಾಯುವ ನೌಕರನಿಗೆ ಕುಡಿಸಿ, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡು, ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆದಂತೆ ಪತ್ರ ಸೃಷ್ಟಿಸಿದರು. ಸುಲ್ತಾನ ತಲೆ ತೆಗೆಸಿದ. ಇದನ್ನು ಹಿಂದೂ–ಮುಸ್ಲಿಂ ಜಗಳ ಎಂದು ಹೇಳುವ ಭಾಷಣ ಕೇಳಿದರೆ ಅಲ್ಲೇ ತಡೆಯಿರಿ. ಅದು ಇಲ್ಲೇ ನೆಲೆನಿಂತ ದಖನಿಗಳು ಮತ್ತು ಪರದೇಶದಿಂದ ಬಂದ ಆಫಾಕಿಗಳ ನಡುವಿನ ಹೊಡೆದಾಟ.

ಮದರಸಾ ಒಡೆದದ್ದು ಯಾರು?

ಯಾರೂ ಬೇಕೆಂದು ಒಡೆದದ್ದಲ್ಲ. ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಸಿಡಿಲು ಬಡಿದು ಅಲ್ಲಿಟ್ಟಿದ್ದ ಮದ್ದು ಸಿಡಿಯಿತೆನ್ನುತ್ತಾರೆ. ಮುಂಭಾಗದ ಒಂದು ಮಿನಾರು, ಒಂದಿಷ್ಟು ಗೋಡೆ ಹೋಯಿತು. ಗೈಡುಗಳು ‘ಶತ್ರುಗಳು ಕೆಡವಿದರು’ ಎನ್ನುವುದು ಕೇಳಲು ಚೆಂದ, ಅಷ್ಟೇ.

ಬಿಜ್ಜಳ ಖಳನಾಯಕನೇ? ನಾಟಕದಲ್ಲಿ ಮೀಸೆ ತಿರುವಿ ಬರುತ್ತಾನಲ್ಲ!

ನಾಟಕದ ಬಿಜ್ಜಳನನ್ನು ಪಕ್ಕಕ್ಕಿಡಿ. ಕಳಚುರಿ ಬಿಜ್ಜಳನ ಬಗ್ಗೆ ಮೂರು ಬಗೆಯ ಆಕರಗಳಿವೆ, ಮೂರೂ ಬೇರೆ ಬೇರೆ ಮನುಷ್ಯನನ್ನು ತೋರಿಸುತ್ತವೆ.

ಒಂದು, ಶರಣ ಪರಂಪರೆಯ ಪುರಾಣಗಳು. ಮಧುವರಸನ ಮಗಳನ್ನು ಹರಳಯ್ಯನ ಮಗನಿಗೆ ಕೊಟ್ಟ ಮದುವೆ, ಇಬ್ಬರು ತಂದೆಯರಿಗೂ ಎಳೆಹೂಟೆ (ಆನೆಯ ಕಾಲಿಗೆ ಕಟ್ಟಿ ಎಳೆಸುವ) ಶಿಕ್ಷೆ, ಆಮೇಲೆ ಜಗದೇವ ಮುಂತಾದವರಿಂದ ಬಿಜ್ಜಳನ ಕೊಲೆ. ಇವುಗಳಲ್ಲಿ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ 13ನೇ ಶತಮಾನದ್ದು. ಭೀಮಕವಿಯ ಕನ್ನಡದ್ದು 1369ರದ್ದು, ಎಂದರೆ ಕಲ್ಯಾಣ ಹೊತ್ತಿ ಉರಿದ ಸುಮಾರು ಇನ್ನೂರು ವರ್ಷಕ್ಕೆ. ಎರಡು, ಜೈನ ಕಥೆಗಳು. ಅಲ್ಲಿ ಬಿಜ್ಜಳ ಮೋಸಹೋದ ರಾಜ, ಬಸವಣ್ಣನೇ ತಪ್ಪಿತಸ್ಥ. ಇವು ಇನ್ನೂ ತಡವಾದವು. ಮೂರು, ಅವನದೇ ಕಾಲದ ಮತ್ತು ಹತ್ತಿರದ ಶಾಸನಗಳು. ಪುರಾಣಗಳು ಅವನನ್ನು ಜೈನ ಎನ್ನುತ್ತವೆ. ಶಾಸನಗಳಲ್ಲಿ ಕಳಚುರಿಗಳ ಬಿರುದು ‘ಸುವರ್ಣವೃಷಭಧ್ವಜ’, ಬಾವುಟದ ಮೇಲೆ ಚಿನ್ನದ ನಂದಿ. ಸುಮಾರು 1200ರ ಅಬ್ಬಲೂರು ಶಾಸನದಲ್ಲಿ ಜೈನರೊಡನೆ ವಾದ ಹೂಡಿದ ಏಕಾಂತದ ರಾಮಯ್ಯನಿಗೆ ಜಯಪತ್ರ ಕೊಡುವವನೂ ಇದೇ ಬಿಜ್ಜಳ. ಜೈನ ಪಕ್ಷಪಾತಿ ಎಂಬ ಪಾತ್ರಕ್ಕೆ ಇದು ಹೊಂದುವುದಿಲ್ಲ.

ಹಾಗಾದರೆ ಎಳೆಹೂಟೆ ಸುಳ್ಳೇ? ಹಾಗೆ ಹಾರಬೇಡಿ. ತನ್ನ ರಾಜ ಮಾಡಿದ ಘೋರವನ್ನು ಕಲ್ಲಿನಲ್ಲಿ ಕೆತ್ತಿಸುವ ದಂಡನಾಯಕ ಯಾರು? ಶಾಸನಗಳು ದಾನಪತ್ರಗಳು, ಸುದ್ದಿಪತ್ರಿಕೆಗಳಲ್ಲ. ಶಾಸನ ಸುಮ್ಮನಿದೆ ಎಂದರೆ ನಡೆದಿಲ್ಲ ಎಂದು ಅರ್ಥವಲ್ಲ, ನಡೆದಿದೆ ಎಂದೂ ಅಲ್ಲ. ಬಸವಕಲ್ಯಾಣದಲ್ಲಿ ಮಾತಾಡುವಾಗ ‘ಶರಣ ಪರಂಪರೆ ಹೀಗೆ ನೆನೆಯುತ್ತದೆ’ ಎಂದು ಹೇಳಿ ಪೂರ್ತಿ ಕಥೆ ಹೇಳಿ. ಆ ನೆನಪಿಗೆ ಎಂಟುನೂರು ವರ್ಷದ ಬಾಳಿಕೆ ಇದೆ, ಅದೂ ಒಂದು ಆಕರವೇ. ಚಾಲುಕ್ಯ ಮೂರನೇ ತೈಲಪನ ಮಹಾಮಂಡಲೇಶ್ವರನಾಗಿದ್ದ ಬಿಜ್ಜಳ ಒಡೆಯನನ್ನೇ ಸರಿಸಿ ಸಿಂಹಾಸನ ಏರಿದ್ದು ಮಾತ್ರ ಶಾಸನಗಳಿಂದಲೇ ಗೊತ್ತಾಗುವ ಸಂಗತಿ. ಮದುವೆ ಮಕ್ಕಳ ಹೆಸರುಗಳು ಗ್ರಂಥದಿಂದ ಗ್ರಂಥಕ್ಕೆ ಬದಲಾಗುತ್ತವೆ; ಒಂದು ಹೆಸರು ಹಿಡಿದು ಹಟ ಮಾಡಬೇಡಿ.

ಸುರಪುರದಲ್ಲಿ ರಾಜಾ ವೆಂಕಟಪ್ಪ ನಾಯಕನ ಹೆಸರು ಹೇಳಿದ ಬಾಯಲ್ಲೇ ಟೇಲರ್ ಸಾಹೇಬನನ್ನೂ ಹೊಗಳುತ್ತಾರೆ. ಹೇಗೆ ಬರೆಯೋದು?

ನಮ್ಮ ಮೂರು ಜಿಲ್ಲೆಗಳಲ್ಲಿ ಇದಕ್ಕಿಂತ ಬಿಗಿಯಾದ ಗಂಟು ಇನ್ನೊಂದಿಲ್ಲ. ಕಾರಣ, ರಾಜನ ಶೌರ್ಯಕ್ಕೆ ನಮ್ಮ ಬಳಿ ಇರುವ ಮುಖ್ಯ ಸಾಕ್ಷಿಯೇ ಬ್ರಿಟಿಷರ ಆ ಅಧಿಕಾರಿ.

ಮೆಡೋಸ್ ಟೇಲರ್ 1840ರ ದಶಕದ ಆರಂಭದಲ್ಲಿ ಸುರಪುರಕ್ಕೆ ಬಂದಾಗ ರಾಜ ಇನ್ನೂ ಹುಡುಗ. 1853ರಲ್ಲಿ ರಾಜ ವಯಸ್ಸಿಗೆ ಬರುವವರೆಗೆ ಸಂಸ್ಥಾನ ನಡೆಸಿದವ ಟೇಲರ್. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಇವತ್ತಿಗೂ ಊರಿನ ಗುರುತು. ಮುಂದೆ ರಾಜ ಬ್ರಿಟಿಷರ ಮೇಲೆ ತಿರುಗಿಬಿದ್ದ. 1858ರ ಫೆಬ್ರವರಿ 8ರ ಕಾಳಗದಲ್ಲಿ ಬ್ರಿಟಿಷರ ಕಡೆ ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾತ್ರಿ ರಾಜ ಊರು ಬಿಟ್ಟು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕ. ಸೆರೆಯಲ್ಲಿ ಟೇಲರ್ ಅವನನ್ನು ಕಂಡ. ಜೊತೆಗಿದ್ದವರ ಹೆಸರು ಹೇಳಿದರೆ ಉಳಿಯಬಹುದೆಂದಾಗ ರಾಜ ಒಪ್ಪಲಿಲ್ಲ; ಕಳ್ಳನ ಹಾಗೆ ನೇಣಿಗೆ ಹಾಕುವ ಬದಲು ತೋಪಿನ ಬಾಯಿಗೆ ಕಟ್ಟಲಿ ಎಂದ. ಇದನ್ನು ಬರೆದಿಟ್ಟವನು ಟೇಲರೇ, ಅವನು ಸತ್ತ ಮೇಲೆ 1877ರಲ್ಲಿ ಬಂದ ಆತ್ಮಕಥೆಯಲ್ಲಿ. ಮರಣದಂಡನೆ ಕಡಿಮೆಯಾಗುತ್ತಾ ಬಂದು ಚೆಂಗಲಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಯಾಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ರಾಜ ಹೋದ. ಆಗ ಅವನಿಗೆ ಇಪ್ಪತ್ನಾಲ್ಕನೇ ವರ್ಷ. ಆ ವಯಸ್ಸಿಗೇ ಗಂಡಾಂತರ ಎಂದು ಜಾತಕ ಹೇಳಿತ್ತೆಂಬ ಮಾತನ್ನೂ ಟೇಲರ್ ದಾಖಲಿಸುತ್ತಾನೆ. ಆಕಸ್ಮಿಕವೋ ಆತ್ಮಹತ್ಯೆಯೋ ಎಂಬುದನ್ನು ಅವನ ಪುಸ್ತಕವೂ ಬಿಡಿಸುವುದಿಲ್ಲ. ನೀವೂ ಬಿಡಿಸಲು ಹೋಗಬೇಡಿ. ‘ಕೊಂದರು’ ಎಂದು ಊರಲ್ಲಿ ಹೇಳುವವರಿದ್ದರೆ ಅದನ್ನು ಊರಿನ ಮಾತು ಎಂದೇ ಬರೆಯಿರಿ.

ಇಲ್ಲಿ ಕೆಡುವುದು ಎಲ್ಲೆಂದರೆ, ರಾಜನ ಬಗ್ಗೆ ಟೇಲರ್ ಹೇಳಿದ ಒಳ್ಳೆಯದನ್ನೆಲ್ಲ ಎತ್ತಿಕೊಂಡು, ಅದೇ ಪುಸ್ತಕದಲ್ಲಿ ರಾಜನ ತಾಯಿ ರಾಣಿ ಈಶ್ವರಮ್ಮನ ಬಗ್ಗೆ ಇರುವ ಬಿರುಸು ಮಾತನ್ನು ಮುಚ್ಚಿಡುತ್ತೇವೆ. ಇಲ್ಲವೇ ರಾಣಿಯ ಬಗ್ಗೆ ಅವನು ಬರೆದದ್ದನ್ನು ಹಾಗೇ ನಂಬುತ್ತೇವೆ. ಅಧಿಕಾರಕ್ಕಾಗಿ ತನಗೆ ಎದುರು ನಿಂತ ಹೆಂಗಸಿನ ಬಗ್ಗೆ ಒಬ್ಬ ಅಧಿಕಾರಿ ಬರೆದ ಮಾತು ಅದು. ತೂಗಿ ನೋಡಿಯೇ ಬಳಸಬೇಕು. ಇನ್ನೊಂದು ಸಾಲನ್ನು ಹಾಳೆಯ ಕೊನೆಗೆ ತಪ್ಪದೆ ಸೇರಿಸಿ: 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಬಹುಮಾನವಾಗಿ ಕೊಟ್ಟರು. ಟೇಲರ್ ಎಷ್ಟೇ ಪ್ರೀತಿ ತೋರಿಸಿದ್ದರೂ ಅವನು ಸೇವೆ ಮಾಡಿದ ವ್ಯವಸ್ಥೆ ಸಂಸ್ಥಾನಕ್ಕೆ ಮಾಡಿದ್ದು ಇದು.

ಔರಂಗಜೇಬ ನಮ್ಮ ಕಡೆ ಬಂದಿದ್ದನೇ?

ಬಂದಿದ್ದ. ಅವನು ಖುದ್ದಾಗಿ ನಿಂತು ನಡೆಸಿದ ಕೊನೆಯ ಮುತ್ತಿಗೆ ಸುರಪುರ ತಾಲೂಕಿನ ವಾಗಿನಗೇರಾದ್ದೇ, 1705ರಲ್ಲಿ. ಸುಮಾರು ಮೂರು ತಿಂಗಳು ಹಿಡಿಯಿತು. ಕೊನೆಗೆ ಕೋಟೆ ಸಿಕ್ಕಿತು, ಬೇಡರ ದೊರೆ ಪಿಡ್ಡ ನಾಯಕ ಸಿಗಲಿಲ್ಲ. ಇದನ್ನು ಧರ್ಮಯುದ್ಧ ಎಂದು ಹೇಳುವ ಮೊದಲು, ಮೊಘಲರಿಗೂ ಮರಾಠರಿಗೂ ನಡುವೆ ನಿಂತು ಇಬ್ಬರನ್ನೂ ಆಡಿಸಿದ ನಾಯಕರ ಚಾಣಾಕ್ಷತನವನ್ನು ಹೇಳಿ. ಅವರಿಗೆ ಸಲ್ಲಬೇಕಾದ ಹೆಮ್ಮೆ ಅದರಲ್ಲಿದೆ.

ನಿಜಾಮ ಒಳ್ಳೆಯವನೋ ಕೆಟ್ಟವನೋ? ಮನೆಯಲ್ಲೇ ಎರಡು ಮಾತು.

ಮೀರ್ ಉಸ್ಮಾನ್ ಅಲಿ ಖಾನ್ 1911ರಿಂದ 1948ರವರೆಗೆ ಆಳಿದ. ಉಸ್ಮಾನಿಯಾ ವಿಶ್ವವಿದ್ಯಾಲಯ, 1918. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟದ್ದಕ್ಕೆ ಮೆಚ್ಚಬೇಕು. ಆದರೆ ಆ ಭಾಷೆ ಉರ್ದು. ಆಳಂದದ ರೈತನ ಮಗನಿಗೆ ಅದು ಇಂಗ್ಲಿಷಿನಷ್ಟೇ ದೂರ. ಕಚೇರಿ, ಕೋರ್ಟು, ಪಹಣಿ ಎಲ್ಲ ಉರ್ದುವಿನಲ್ಲಿ. ಕನ್ನಡ ಕಲಿಯಬೇಕೆಂದರೆ ಖಾಸಗಿ ಶಾಲೆಗಳೇ ಗತಿ. ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯಿಂದಾಗಿ ಅನುಮತಿ ಇಲ್ಲದೆ ಸಭೆ ಸೇರುವಂತಿರಲಿಲ್ಲ. ನಿಜಾಮಸಾಗರ, ಆಸ್ಪತ್ರೆ, ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಕೊಟ್ಟ ದೇಣಿಗೆ ಎಲ್ಲ ಒಂದು ಕಡೆ. ಜಾಗೀರುಗಳಲ್ಲಿ ವೆಟ್ಟಿ (ಕೂಲಿಯಿಲ್ಲದ ಬಿಟ್ಟಿ ಚಾಕರಿ) ದುಡಿದ ಬೆನ್ನುಗಳು ಇನ್ನೊಂದು ಕಡೆ. ಒಂದರಿಂದ ಇನ್ನೊಂದನ್ನು ಕಳೆದು ಉಳಿಕೆ ತೋರಿಸಲು ಇದು ಅಂಗಡಿ ಖಾತೆಯಲ್ಲ.

ಇನ್ನು ವಾಟ್ಸಾಪಿನ ಚಿನ್ನ. ‘1965ರಲ್ಲಿ ನಿಜಾಮ ದೇಶಕ್ಕೆ 5000 ಕಿಲೋ ಬಂಗಾರ ದಾನ ಕೊಟ್ಟ’ ಎಂಬುದು ಪ್ರತಿ ವರ್ಷ ಸುತ್ತು ಹೊಡೆಯುತ್ತದೆ. ಮಾಹಿತಿ ಹಕ್ಕಿನಡಿ ಹೊರಬಂದ ಉತ್ತರ ಬೇರೆ: 425 ಕಿಲೋ, ಅದೂ ದಾನವಲ್ಲ, ಶೇಕಡಾ 6.5 ಬಡ್ಡಿಯ ರಕ್ಷಣಾ ಚಿನ್ನದ ಬಾಂಡಿನಲ್ಲಿ ಹೂಡಿಕೆ. ಕಷ್ಟಕಾಲದಲ್ಲಿ ಅದೂ ಸಣ್ಣ ಮಾತಲ್ಲ. ಆದರೆ 425 ಎಂದೇ ಹೇಳಿ.

ರಜಾಕಾರರ ಹಾವಳಿ, ಪೊಲೀಸ್ ಆ್ಯಕ್ಷನ್ ಬಗ್ಗೆ ವೇದಿಕೆ ಮೇಲೆ ಹೇಗೆ ಮಾತಾಡಬೇಕು?

ಪೂರ್ತಿ ಮಾತಾಡಬೇಕು. ಅರ್ಧ ಹೇಳುವುದರಿಂದಲೇ ಗಲಾಟೆ ಏಳುವುದು.

ಖಾಸಿಂ ರಜವಿ ಲಾತೂರಿನ ವಕೀಲ. 1946ರಿಂದ ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಪಕ್ಷದ ಅಧ್ಯಕ್ಷ, ಅದರ ಖಾಸಗಿ ಪಡೆಯಾದ ರಜಾಕಾರರ ಮುಖಂಡ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ನಡೆದ ಹತ್ಯಾಕಾಂಡವನ್ನು ಹೇಳದೆ ಈ ಭಾಗದ ಸೆಪ್ಟೆಂಬರ್ 17 ಅರ್ಥವಾಗುವುದಿಲ್ಲ. ಊರ ಹೆಸರು, ತಿಂಗಳು, ವರ್ಷ ಹೇಳಿ. ಭಾರತೀಯ ಸೇನೆ ಬಂದದ್ದು ಸೆಪ್ಟೆಂಬರ್ 13ಕ್ಕೆ, ನಿಜಾಮ ಸೋಲೊಪ್ಪಿದ್ದು 17ರ ಸಂಜೆ.

ಇದರ ಮುಂದಿನ ಪುಟವನ್ನೂ ತಿರುಗಿಸಿ. ಸೇನೆ ಬಂದ ಮೇಲೆ ಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ಸೇಡು ತೀರಿಸಿಕೊಂಡರು. ಭಾರತ ಸರಕಾರ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ ಸತ್ತವರನ್ನು ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಎಂದು ಅಂದಾಜಿಸಿತು. ಅತಿ ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡ್ ಜೊತೆಗೆ ಗುಲಬರ್ಗಾ ಮತ್ತು ಬೀದರ್ ಇದ್ದವು. ಆ ವರದಿ ದಶಕಗಟ್ಟಲೆ ಹೊರಗೆ ಬರಲಿಲ್ಲ. ನೆನಪಿಡಿ, ಇದು ಸಮಿತಿಯ ಅಂದಾಜು, ತಲೆ ಎಣಿಕೆಯಲ್ಲ, ಹಾಗೆಯೇ ಹೇಳಿ.

‘ಅವರು–ನಾವು’ ಎಂಬ ಗೆರೆ ಎಳೆಯುವವರಿಗೆ ಇಬ್ಬರ ಹೆಸರು ಸಾಕು. ಹೈದರಾಬಾದಿನ ಉರ್ದು ಪತ್ರಕರ್ತ ಶೋಯಬುಲ್ಲಾ ಖಾನ್ ಭಾರತದೊಡನೆ ಸೇರಬೇಕೆಂದು ಬರೆದುದಕ್ಕೆ 1948ರ ಆಗಸ್ಟಿನಲ್ಲಿ ರಜಾಕಾರರ ಕೈಯಲ್ಲಿ ಸತ್ತರು. ಇನ್ನೊಬ್ಬರು ಸುಂದರಲಾಲ್, ಮುಸ್ಲಿಮರ ಸಾವನ್ನು ಎಣಿಸಿ ಬರೆದ ಹಿಂದೂ.

ವಿಮೋಚನೆ ಅನ್ನಬೇಕೋ, ವಿಲೀನವೋ, ಪೊಲೀಸ್ ಆ್ಯಕ್ಷನ್ನೋ?

ಮೂರೂ ಬಳಕೆಯಲ್ಲಿವೆ, ಮೂರರಲ್ಲೂ ಒಂದೊಂದು ತೀರ್ಪು ಅಡಗಿದೆ. ಸರಕಾರಿ ಕಾರ್ಯಕ್ರಮದ ಹೆಸರು 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಅದಕ್ಕೆ ಮೊದಲಿನ ಆಮಂತ್ರಣ ಪತ್ರಿಕೆಗಳಲ್ಲಿ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ ಎಂದಿರುತ್ತದೆ. ಹಿರಿಯರು ಆಡಿದ ಮಾತನ್ನು ಉದ್ಧರಿಸುವಾಗ ಅವರ ಶಬ್ದವನ್ನು ತಿದ್ದಬೇಡಿ. ನಿಮ್ಮ ವಾಕ್ಯದಲ್ಲಿ ‘1948ರ ಸೇನಾ ಕಾರ್ಯಾಚರಣೆ’ ಎಂದರೆ ಯಾರೂ ತಕರಾರು ತೆಗೆಯುವುದಿಲ್ಲ.

ಹಳೆಯ ಕಾಗದದ ವರ್ಷ ಇಂಗ್ಲಿಷ್ ವರ್ಷಕ್ಕೆ ತರೋದು ಹೇಗೆ? ಪ್ರತಿ ಸಲ ತಪ್ಪುತ್ತೆ.

ಹಿಜರಿ: ನೂರಕ್ಕೆ ಮೂರರಂತೆ ಕಳೆದು 622 ಕೂಡಿಸಿ. ಮದರಸಾದ್ದು 877. 26.3 ಕಳೆದರೆ 850.7, 622 ಸೇರಿದರೆ 1472.7, ಎಂದರೆ 1472-73. ಕಳೆಯದೆ ಬರೀ 622 ಕೂಡಿಸಿದರೆ 1499 ಬರುತ್ತದೆ. ತಲೆ ಹೋಗಿ ಹದಿನೆಂಟು ವರ್ಷವಾದ ಮೇಲೆ ಗವಾನ ಬಂದು ಮದರಸಾ ಕಟ್ಟಿದಂತಾಯಿತು. ಇಂಥ ಬರಹಗಳಿಗೆ ಬರವಿಲ್ಲ.

ಶಕ: 78 ಕೂಡಿಸಿ. ಪುಷ್ಯದ ನಡುವಿನಿಂದ ಫಾಲ್ಗುಣದವರೆಗಿನ ತಿಥಿಯಾದರೆ 79.

ಫಸಲಿ (ಕಂದಾಯದ ವರ್ಷ): ನಿಜಾಮನ ಕಾಲದ ಪಹಣಿ, ಸೇತ್ವಾರ್ ಮುಂತಾದ ಜಮೀನಿನ ದಾಖಲೆಗಳೆಲ್ಲ ಇದರಲ್ಲೇ. 590 ಕೂಡಿಸಿ. ಫಸಲಿ 1357 ಎಂದರೆ 1947ರ ಅಕ್ಟೋಬರಿನಿಂದ 1948ರ ಅಕ್ಟೋಬರಿನವರೆಗೆ. ಅದನ್ನೇ ಹಿಜರಿ ಎಂದು ತಿಳಿದರೆ 1938 ಬರುತ್ತದೆ. ಹತ್ತು ವರ್ಷ ಹಿಂದೆ ಬಿದ್ದು, ರಜಾಕಾರರ ಕಾಲದಲ್ಲಿ ಕೈಬದಲಾದ ಹೊಲ ಶಾಂತಿಕಾಲದ ಮಾರಾಟದಂತೆ ಕಾಣುತ್ತದೆ. ಯಾವುದು ಯಾವುದೆಂದು ತಿಳಿಯಲು ತಿಂಗಳ ಹೆಸರು ನೋಡಿ. ಆಜೂರ್, ದೈ, ಬಹಮನ್, ಆಬಾನ್ ಇದ್ದರೆ ಫಸಲಿ; ಮೊಹರಂ, ಸಫರ್, ರಜಬ್ ಇದ್ದರೆ ಹಿಜರಿ. ವರ್ಷದ ಮುಂದಿನ ಉರ್ದು ಅಕ್ಷರವನ್ನೂ ಗಮನಿಸಿ: ಫಸಲಿಗೆ ‘ಫೆ’, ಹಿಜರಿಗೆ ‘ಹೆ’.

ಹಿರಿಯರನ್ನು ಮಾತಾಡಿಸುವಾಗ ಏನು ಕೇಳಬೇಕು?

1948ರಲ್ಲಿ ಹತ್ತು ವರ್ಷದವರಿಗೆ 2025ಕ್ಕೆ 87. ಸಮಯ ಕಡಿಮೆ, ಆದರೂ ಅವಸರ ಬೇಡ. ‘ರಜಾಕಾರರು ಏನು ಮಾಡಿದ್ರು ಹೇಳ್ರಿ’ ಎಂದು ಶುರು ಮಾಡಿದರೆ ಭಾಷಣದಲ್ಲಿ ಕೇಳಿದ್ದನ್ನೇ ತಿರುಗಿ ಹೇಳುತ್ತಾರೆ. ‘ಮಿಲಿಟ್ರಿ ಬಂದಾಗ ಹೆಸರು ರಾಶಿ ಮುಗಿದಿತ್ತೇನ್ರಿ? ನೀರು ಯಾವ ಬಾವಿಯಿಂದ ತರ್ತಿದ್ರಿ? ರಾತ್ರಿ ಎಲ್ಲಿ ಮಲಗ್ತಿದ್ರಿ?’ ಎಂದು ಕೇಳಿ. ಬಾವಿಗೆ ಹೋದ ನೆನಪು ಬಾವಿಯ ದಾರಿಯಲ್ಲಿ ಕಂಡದ್ದನ್ನೂ ತರುತ್ತದೆ. ಪ್ರತಿ ಸಂಗತಿಗೂ ‘ಕಣ್ಣಾರೆ ಕಂಡಿದ್ದೋ, ಅಪ್ಪ ಹೇಳಿದ್ದೋ?’ ಎಂದು ಮೆಲ್ಲಗೆ ಕೇಳಿ, ನಾಲ್ಕನೇ ಕಂಬದಲ್ಲಿ ಗುರುತು ಹಾಕಿ.

ಮೊಮ್ಮಗ ಪಕ್ಕದಲ್ಲಿ ಕೂತು ತೇದಿ ಎತ್ತಿಕೊಡುತ್ತಿದ್ದರೆ ಅವನಿಗೆ ಚಹಾ ತರಲು ಹೇಳಿ ಕಳಿಸಿ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಹೋಗಿ ಅದೇ ಕೇಳಿ. ಎರಡೂ ಸಲ ಹಾಗೇ ಉಳಿದದ್ದು ಗಟ್ಟಿ, ಬದಲಾದದ್ದನ್ನು ಬದಲಾಯಿತೆಂದೇ ಬರೆಯಿರಿ.

ಯಾರು ಹೊಡೆದರು, ಯಾರ ಮನೆ ಲೂಟಿ ಮಾಡಿದರು ಎಂಬ ಹೆಸರುಗಳು ಬಂದೇ ಬರುತ್ತವೆ. ರೆಕಾರ್ಡಿಂಗಿನಲ್ಲಿ ಇರಲಿ, ಅಚ್ಚಿಗೆ ಬೇಡ. ಆ ಎರಡು ಮನೆಗಳ ಮಕ್ಕಳು ಈಗ ಒಂದೇ ಗಿರಣಿಗೆ ಜೋಳ ಬೀಸಲು ಬರುತ್ತಾರೆ.

ಚಿತ್ರ ಹಾಕಬಹುದೇ?

ಬಿಜ್ಜಳ, ಗವಾನ, ಬಸವಣ್ಣ ಇವರ ಯಾವ ಚಿತ್ರವೂ ಕಣ್ಣಾರೆ ನೋಡಿ ಬರೆದದ್ದಲ್ಲ. ‘ಕಲಾವಿದರ ಕಲ್ಪನೆ’ ಎಂದು ಕೆಳಗೆ ಬರೆಯಿರಿ, ಇಲ್ಲವೇ ಕಟ್ಟಡದ ಫೋಟೋ ಹಾಕಿ.

ಸಭೆಯಲ್ಲಿ ಒಬ್ಬರು ಎದ್ದು ‘ನೀವು ಯಾರ ಕಡೆ?’ ಅಂದರೆ?

ನಾಲ್ಕು ಕಂಬದ ಹಾಳೆಯ ಝೆರಾಕ್ಸ್ ಪ್ರತಿ ಕೈಯಲ್ಲಿರಲಿ. ‘ಯಾವ ಸಾಲು ತಪ್ಪು ಅಂತೀರಿ, ತೋರಸ್ರಿ’ ಎಂದು ಅವರ ಕೈಗೇ ಕೊಡಿ. ಸಾಮಾನ್ಯವಾಗಿ ಜಗಳ ಸಾಲಿನ ಮೇಲೆ ಇರುವುದಿಲ್ಲ, ಬಿಟ್ಟುಹೋದ ಸಾಲಿನ ಮೇಲೆ ಇರುತ್ತದೆ. ಅವರು ಹೇಳಿದ್ದಕ್ಕೆ ಊರು, ವರ್ಷ, ಹೇಳಿದವರು ಸಿಕ್ಕರೆ ಅಲ್ಲೇ ಪೆನ್ನು ತೆಗೆದು ಹೊಸ ಸಾಲು ಬರೆದುಕೊಳ್ಳಿ.